ಮೇಪಲ್ ನಿಲ್ಲದ ಸೀಮೆಯಲ್ಲಿ ಬಸರಿಯ ಬೋನ್ಸಾಯ್

ಕಡೂರು ತಾಲ್ಲೂಕಿನ ಚೌಳಹಿರಿಯೂರು ಮಳೆನೆರಳಿನ ಸೀಮೆ. ಪಡುವಣದಿಂದ ಬರುವ ಮುಂಗಾರಿನ ಮೋಡಗಳನ್ನು ಬಾಬಾಬುಡನ್ ಗಿರಿಸಾಲು ಮೊದಲೇ ತಡೆದುಬಿಡುತ್ತದೆ. ಕಡೂರಿನ ಈ ಬಯಲಿಗೆ ಉಳಿಯುವುದು ಬಿಸಿಲು, ರಾಗಿ, ತೆಂಗು, ಕೆರೆ ಏರಿಯ ಮೇಲೊಂದು ಗೋಣಿಮರ. ಇಲ್ಲಿಂದ ಜಪಾನಿ ಮೇಪಲ್ ಬೀಜಕ್ಕೆ ಮೊಬೈಲಿನಲ್ಲೇ ಬೇಡಿಕೆ ಸಲ್ಲಿಸಬಹುದು, ಪೊಟ್ಟಣ ಮನೆ ಬಾಗಿಲಿಗೂ ಬರುತ್ತದೆ. ಆದರೆ ಆ ಬೀಜ ಎರಡು ಮೂರು ತಿಂಗಳು ತೇವದಲ್ಲಿ, ಫ್ರಿಜ್ಜಿನಂಥ ತಂಪಿನಲ್ಲಿ ಇರದೆ ಸರಿಯಾಗಿ ಮೊಳೆಯದು. ಮೊಳೆತರೂ ಏಪ್ರಿಲ್‌ನ ಬಿಸಿಗಾಳಿಗೆ ಎಲೆಯ ಅಂಚು ಕರಕಲಾಗುತ್ತದೆ.

ಈ ಮರ ಬೆಳೆದು ಬಂದ ನಾಡೇ ಬೇರೆ. ಸ್ವೀಡನ್ನಿನ ವೈದ್ಯ, ಸಸ್ಯಶಾಸ್ತ್ರಜ್ಞ ಕಾರ್ಲ್ ಪೀಟರ್ ಥುನ್‌ಬರ್ಗ್ 1775ರಲ್ಲಿ ನಾಗಸಾಕಿಗೆ ಬಂದಿಳಿದ. ಅಲ್ಲಿ ಕಂಡ ಗಿಡಗಳ ವಿವರವನ್ನು 1784ರಲ್ಲಿ ಪ್ರಕಟಿಸಿದಾಗ, ಬಿಡಿಸಿದ ಅಂಗೈಯಂಥ ಎಲೆಯ ಈ ಮೇಪಲ್‌ಗೆ ‘ಏಸರ್ ಪಾಮೇಟಮ್’ ಎಂದು ಹೆಸರಿಟ್ಟ. ಜಪಾನಿನವರು ಅದಕ್ಕೂ ಬಹಳ ಮುಂಚೆಯೇ ಅದನ್ನು ಆರಿಸಿ, ಕಸಿ ಮಾಡಿ, ತಳಿ ಬೆಳೆಸಿದ್ದರು. ಇಂದಿನ ಟೋಕಿಯೊದ ಭಾಗವಾಗಿರುವ ಸೊಮೇ ಹಳ್ಳಿಯ ನರ್ಸರಿಗಾರ ಇತೋ ಇಹೇ 1710ರಲ್ಲಿ ಹೊರತಂದ ತೋಟಗಾರಿಕೆಯ ಗ್ರಂಥದಲ್ಲಿ 36 ಮೇಪಲ್ ತಳಿಗಳನ್ನು ಹೆಸರು ಹಿಡಿದು ದಾಖಲಿಸಿದ.

ಕುಂಡದಲ್ಲಿ ಮರ ಬೆಳೆಸುವ ಕಲೆ ಜಪಾನಿಗೆ ಬಂದದ್ದು ಚೀನಾದಿಂದ. ಕ್ರಿ.ಶ. 706ರಲ್ಲಿ ಕಟ್ಟಿದ ತಾಂಗ್ ರಾಜಕುಮಾರನ ಸಮಾಧಿಯ ಗೋಡೆಯಲ್ಲಿ, ಪುಟ್ಟ ಗಿಡ, ಕಲ್ಲು ಇಟ್ಟ ತಟ್ಟೆಯನ್ನು ಹಿಡಿದು ನಡೆಯುವ ಪರಿಚಾರಕರ ಚಿತ್ರವಿದೆ. ಜಪಾನಿನಲ್ಲಿ ಅದು ಕಸುಬಾಗಿ ಗಟ್ಟಿಗೊಂಡಿತು. 1923ರ ಮಹಾ ಭೂಕಂಪದಲ್ಲಿ ಟೋಕಿಯೊ ಹಾಳಾದ ಮೇಲೆ ಅಲ್ಲಿನ ಬೋನ್ಸಾಯ್ ಕುಶಲಕರ್ಮಿಗಳು ಒಳ್ಳೆಯ ನೀರು, ಬಯಲು ಜಾಗ ಹುಡುಕಿಕೊಂಡು ಓಮಿಯ ಎಂಬ ಊರಿಗೆ ಹೋದರು. 1925ರಲ್ಲಿ ಅಲ್ಲಿ ಬೋನ್ಸಾಯ್ ಗ್ರಾಮವೇ ಎದ್ದಿತು.

ಮೇಪಲ್ಲನ್ನು ಕುಂಡದಲ್ಲಿ ಪಳಗಿಸುವುದು ಮರದ ಗುಣ ತಿಳಿದವರ ಕೆಲಸ. ಅದರ ಎಲೆಗಳು ಜೋಡಿ ಜೋಡಿಯಾಗಿ ಎದುರುಬದುರು ಹುಟ್ಟುತ್ತವೆ. ವಸಂತದಲ್ಲಿ ಮೊದಲ ಜೋಡಿ ಬಿಚ್ಚುತ್ತಿದ್ದಂತೆ ನಡುವಿನ ಎಳೆ ಕುಡಿಯನ್ನು ಚಿಮಟದಿಂದ ಚಿವುಟುತ್ತಾರೆ. ಒಂದೆರಡು ದಿನ ತಡವಾದರೂ ಆ ಕುಡಿ ಉದ್ದಕ್ಕೆ ಓಡಿ, ಗೆಣ್ಣುಗಳ ಅಂತರ ಹಿಗ್ಗಿಬಿಡುತ್ತದೆ. ಬಲವಾದ ಗಿಡವಾದರೆ ಬೇಸಿಗೆಯ ಆರಂಭದಲ್ಲಿ ತೊಟ್ಟು ಉಳಿಸಿ ಎಲೆಯನ್ನಷ್ಟೇ ಕತ್ತರಿಸುತ್ತಾರೆ, ಮತ್ತೆ ಬರುವ ಎಲೆ ಚಿಕ್ಕದಾಗಿರುತ್ತದೆ. ಬುಡ ಸರಿಯಿಲ್ಲದಿದ್ದರೆ ಕಾಂಡದ ಸಿಪ್ಪೆ ಉಂಗುರವಾಗಿ ತೆಗೆದು, ಪಾಚಿ ಸುತ್ತಿ ಗೂಟಿ ಕಟ್ಟಿ, ಸುತ್ತಲೂ ಹೊಸ ಬೇರು ಬರಿಸುತ್ತಾರೆ. ತೊಗಟೆ ಮೃದುವಾದ್ದರಿಂದ ತಂತಿ ಸುತ್ತುವಾಗ ಎಚ್ಚರ ಬೇಕು. ಮೈಗೆ ಕಚ್ಚಿಕೊಂಡರೆ ಆ ಗಾಯದ ಗುರುತು ವರ್ಷಗಟ್ಟಲೆ ಮಾಯದು. ಇಷ್ಟೆಲ್ಲ ಮಾಡಿದ ಮೇಲೂ ಎಲೆ ಉದುರಿಸಿ ವಾರಗಟ್ಟಲೆ ನಿದ್ರಿಸುವ ಚಳಿಗಾಲ ಸಿಗಬೇಕು. ಕಡೂರಿನ ಬಯಲಿಗೆ ಅಂಥ ಚಳಿ ಬರುವುದೇ ಇಲ್ಲ.

ಹಾಗೆಂದು ಕನ್ನಡ ನಾಡಿನವರಿಗೆ ಸಸ್ಯಗಳ ಒಡನಾಟ ಹೊಸದಲ್ಲ. ಎರಡನೆಯ ಚಾವುಂಡರಾಯ 1025ರ ಸುಮಾರಿಗೆ ಕನ್ನಡದಲ್ಲೇ ಬರೆದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಇದೆ. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಬೇಸಿಗೆಯ ತಂಗುದಾಣವಾಗಿತ್ತು. 1,434 ಮೀಟರ್ ಎತ್ತರದ ಆ ಗಿರಿಧಾಮ 1942ರಲ್ಲಿ ತೋಟಗಾರಿಕೆ ಇಲಾಖೆಯ ಕೈಗೆ ಬಂತು. ಬಯಲಿನಲ್ಲಿ ಬಾಳದ ಹೂಗಿಡಗಳು ಆ ತಂಪಿನಲ್ಲಿ ನಿಂತವು. ಆದರೂ ಜಪಾನಿನ ಹಿಮದ ಚಳಿ ಅಲ್ಲಿಯೂ ಇಲ್ಲ.

ಮರ ಬರಲಿಲ್ಲ, ಕೈಕೆಲಸ ಬಂತು. ಕರ್ನಾಟಕದ ಬೋನ್ಸಾಯ್ ಚರಿತ್ರೆಯ ತಿರುಳು ಇದೇ, ಅದರ ಹೆಚ್ಚುಗಾರಿಕೆಯೂ ಇದೇ. ಬೆಂಗಳೂರಿನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಮೈಸೂರು ಉದ್ಯಾನ ಕಲಾ ಸಂಘ ನಡೆಸುವ ಸ್ಪರ್ಧೆಗಳಲ್ಲಿ ಇಕೆಬಾನ, ತರಕಾರಿ ಕೆತ್ತನೆಯ ಜೊತೆ ಬೋನ್ಸಾಯ್‌ಗೂ ಜಾಗ ಸಿಕ್ಕಿತು. ಮೈಸೂರಿನ ಅವಧೂತ ದತ್ತಪೀಠದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ 2016ರ ಡಿಸೆಂಬರಿನಲ್ಲಿ 2,649 ಗಿಡಗಳೊಂದಿಗೆ ಗಿನ್ನೆಸ್ ದಾಖಲೆ ಸೇರಿತು. ಇಂಥ ಸಂಗ್ರಹಗಳಿಗೆ ಮೆರುಗು ಕೊಡುವುದು ಆಲ, ಅರಳಿ, ಅತ್ತಿ, ಬಸರಿ, ಹುಣಸೆಯಂಥ ನಮ್ಮ ಬಿಸಿಲಿನ ಮರಗಳು.

ಇಂಥ ಮರಗಳಲ್ಲಿ ಬಸರಿ, ಗೋಣಿ, ಅತ್ತಿಗಳ ಜಾಯಮಾನ ಕಡೂರು ಸೀಮೆಯ ರೈತರಿಗೆ ಗೊತ್ತಿಲ್ಲದ್ದಲ್ಲ. ತೋಳು ಗಾತ್ರದ ಕೊಂಬೆ ಕಡಿದು ಮಳೆಗಾಲದಲ್ಲಿ ನೆಟ್ಟರೆ ಚಿಗುರುತ್ತದೆ. ಮೇಕೆಗೆಂದು ಸೊಪ್ಪು ಸವರಿದರೂ ಒಂದೇ ತಿಂಗಳಲ್ಲಿ ಮತ್ತೆ ಹಸಿರಾಗುತ್ತದೆ. ಕಡಿದಷ್ಟೂ ಚಿಗುರುವ ಈ ಗುಣವನ್ನೇ ಬೋನ್ಸಾಯ್ ಬೇಡುತ್ತದೆ. ಹಕ್ಕಿ ಹಿಕ್ಕೆಯಲ್ಲಿ ಬಿದ್ದ ಬೀಜ ಹಳೆ ಬಾವಿಯ ಕಲ್ಲುಸಂದಿಯಲ್ಲಿ, ಪಾಳು ಗೋಡೆಯಲ್ಲಿ ಮೊಳೆತು, ಮಣ್ಣಿಲ್ಲದೆ ವರ್ಷಗಟ್ಟಲೆ ಗಿಡ್ಡವಾಗಿಯೇ ಬಲಿಯುತ್ತದೆ. ಬೆಟ್ಟದ ಕೊರಕಲಿನಲ್ಲಿ ಕುಗ್ಗಿ ಬೆಳೆದ ಗಿಡಕ್ಕಾಗಿ ಜಪಾನಿನವರು ದಿನವಿಡೀ ಅಲೆಯುತ್ತಿದ್ದರು. ಇಲ್ಲಿ ಅಂಥದ್ದು ಊರ ಬಾವಿಯಲ್ಲೇ ಸಿಗುತ್ತದೆ. ಹಳೆಯ ಗುಡಿಯ ಗೋಪುರದಲ್ಲಿ ಬೇರುಬಿಟ್ಟದ್ದನ್ನು ಮಾತ್ರ ಕೀಳಹೋಗಬಾರದು. ತರೀಕೆರೆ ಬಳಿಯ ಅಮೃತಾಪುರದ ಅಮೃತೇಶ್ವರ 1196ರ ಹೊಯ್ಸಳ ಗುಡಿ. ಅಂಥ ಕಡೆ ಬೇರು ಎಳೆದರೆ ಕಲ್ಲೂ ಕಿತ್ತು ಬರುತ್ತದೆ, ಆ ಕೆಲಸ ಪುರಾತತ್ವ ಇಲಾಖೆಯದು.

ಮೇಪಲ್ಲಿನ ವಿದ್ಯೆ ಬಸರಿಗೆ ಬಂದಾಗ ಕೆಲವು ಬದಲಾವಣೆ ಆಗಲೇಬೇಕಾಯಿತು. ಕತ್ತರಿಸಿದ ಕಡೆ ಹಾಲು ಸುರಿಯುತ್ತದೆ, ಒದ್ದೆ ಬಟ್ಟೆ ಒತ್ತಿ ನಿಲ್ಲಿಸುತ್ತಾರೆ. ಎಲೆ ತೆಗೆಯುವ ಕೆಲಸಕ್ಕೆ ಜಪಾನಿನ ಪಂಚಾಂಗ ಹೊಂದುವುದಿಲ್ಲ, ಗಿಡ ಚಿಗುರುವ ಬಿಸಿಲುಗಾಲವೇ ಸರಿ. ಜಪಾನಿನಿಂದ ತರಿಸುವ ದುಬಾರಿ ಅಕಡಾಮ ಮಣ್ಣಿನ ಬದಲು ಜರಡಿ ಹಿಡಿದ ಇಟ್ಟಿಗೆ ಚೂರು, ಕೆಮ್ಮಣ್ಣು, ಎಲೆಗೊಬ್ಬರ ಬೆರೆಸುತ್ತಾರೆ. ನೀರು ನಿಲ್ಲದೆ ಇಳಿಯಬೇಕು, ಒಂದಿಷ್ಟು ತೇವವೂ ಉಳಿಯಬೇಕು. ಆಳವಿಲ್ಲದ ಕುಂಡ ಬೇಸಿಗೆಯಲ್ಲಿ ಬೇಗ ಒಣಗುವುದರಿಂದ ದಿನಕ್ಕೆ ಎರಡು ಸಲ ನೀರುಣಿಸಬೇಕಾಗುತ್ತದೆ. ಆಲವಾದರೆ ಗಾಳಿಯಲ್ಲಿ ತೇವ ಸಾಕಷ್ಟಿರುವ ಕಡೆ ಬಿಳಲನ್ನೂ ಇಳಿಸುತ್ತದೆ, ಅದು ಮೇಪಲ್ಲಿಗೆ ಎಂದೂ ಬಾರದ ಸೊಬಗು.

ಬಾವಿಯ ಗೋಡೆಯಿಂದ ಬಸರಿ ಬಿಡಿಸುವವರು ಮುಂಗಾರು ಹಿಡಿದ ಮೇಲೆ, ಜೂನ್ ಜುಲೈನಲ್ಲಿ, ಕೈಹಾಕಿದರೆ ಒಳ್ಳೆಯದು. ತಾಯಿಬೇರು ಕಲ್ಲಿನಲ್ಲಿ ಸಿಕ್ಕಿಕೊಂಡಿದ್ದರೆ ಅದನ್ನು ಗರಗಸದಿಂದ ಕೊಯ್ದು, ಸಣ್ಣ ಬೇರುಗಳನ್ನು ಉಳಿಸಿಕೊಂಡು, ಎಲೆ ಪೂರ್ತಿ ಸವರಿ, ಮೊದಲು ದೊಡ್ಡ ಕುಂಡದಲ್ಲಿ ನೆರಳಿಗಿಡಬೇಕು. ತಂತಿಯನ್ನು ಆಗಲೇ ಸುತ್ತಬಾರದು. ಮುಂದಿನ ಮಳೆಗಾಲದ ಹೊತ್ತಿಗೆ ಹೊಸ ಕೊಂಬೆಗಳು ಬಲಿತಿದ್ದರೆ ಆಗ ಒಂದೊಂದನ್ನೇ ಬಾಗಿಸಬಹುದು, ತಟ್ಟೆಕುಂಡಕ್ಕೆ ಇಳಿಸುವುದು ಅದಕ್ಕೂ ಆಮೇಲಿನ ಮಾತು.