ಓಡುತ್ತೇನಣ್ಣ?

ಎಸ್.ಪಿ. ರೋಡಿನ ನನ್ನ ರಿಪೇರಿ ಅಂಗಡಿಗೆ ನಿಂಟೆಂಡೊ ವೀ ಎಂಬ, ಕೈ ಬೀಸಿ ಆಡುವ ಟಿವಿ ಗೇಮ್ ಮೊದಲ ಸಲ ಬಂದದ್ದು 2007ರಲ್ಲಿ, ಜೀವ ಹೋದ ಮೇಲೆ. ಅಮೆರಿಕದಿಂದ ಮಗ ತಂದುಕೊಟ್ಟದ್ದನ್ನು ಜಯನಗರದ ಹಿರಿಯರೊಬ್ಬರು ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರ ಸಿಕ್ಕಿಸಿದ್ದರು. ಅಲ್ಲಿಯ ಅಡಾಪ್ಟರ್ 120 ವೋಲ್ಟಿನದು. ಟಪ್ ಅಂತ ಹೋಗಿತ್ತು. ಬೇರೊಂದು 12 ವೋಲ್ಟಿನ ಅಡಾಪ್ಟರಿಗೆ ಹಳೆಯ ಪಿನ್ನು ಬೆಸೆದು ಆನ್ ಮಾಡಿದೆ. ಪಕ್ಕದ ಅಂಗಡಿಯವನು ಬಿಳಿ ರಿಮೋಟನ್ನು ತಿರುವಿ ಮುರುವಿ ನೋಡಿ, "ಇದು ಓಡುತ್ತೇನಣ್ಣ?" ಅಂದ. ನಮ್ಮ ಬೀದಿಯಲ್ಲಿ ಓಡೋದು ಅಂದರೆ ಕೆಲಸ ಮಾಡೋದಲ್ಲ, ಮಾರಾಟವಾಗೋದು.

"ಓಡಲ್ಲ ಕಣೋ" ಅಂದೆ. ಅಷ್ಟು ಹೊತ್ತಿಗಾಗಲೇ ಅಮೆರಿಕ, ಜಪಾನುಗಳಲ್ಲಿ ಜನ ಅದಕ್ಕಾಗಿ ಕ್ಯೂ ನಿಂತಿದ್ದರು, ನನಗೆ ಗೊತ್ತಿರಲಿಲ್ಲ.

ನನ್ನ ಅನುಮಾನಕ್ಕೆ ಕಾರಣ ಒಂದು ಕೈಗವಸು. ಗುಜರಿ ಮಾಲಿನಲ್ಲಿ ಹಿಂದೊಮ್ಮೆ, ಕೈ ಬೀಸಿ ಆಡಲೆಂದೇ ಮಾಡಿದ ಪವರ್ ಗ್ಲೌವ್ ಸಿಕ್ಕಿತ್ತು. 1989ರಲ್ಲಿ ಅಮೆರಿಕದಲ್ಲಿ ಮ್ಯಾಟೆಲ್ ಮಾರಿದ್ದು. ಅದರ ಮೂಲ ವಿಪಿಎಲ್ ರಿಸರ್ಚ್ ಎಂಬ ಕಂಪನಿಯ ಡೇಟಾಗ್ಲೌವ್. ನಾಸಾದವರು ಪ್ರಯೋಗಕ್ಕೆ ಬಳಸುತ್ತಿದ್ದ ಸಾವಿರಾರು ಡಾಲರಿನ ಸಾಮಾನು. ಅದನ್ನು ನೂರು ಡಾಲರಿನೊಳಗೆ ಆಟಿಕೆಯಾಗಿ ಇಳಿಸಿದ್ದರು. ಹೊಲಿಗೆ ಬಿಚ್ಚಿ ನೋಡಿದೆ: ಬೆರಳುಗಳಲ್ಲಿ ವಿದ್ಯುತ್ ಹರಿಯುವ ಶಾಯಿ ಬಳಿದ ತೆಳು ಪಟ್ಟಿಗಳು. ಮಲ್ಟಿಮೀಟರ್ ಇಟ್ಟು ಬಾಗಿಸಿದರೆ ಮುಳ್ಳು ಸರಸರ ಸರಿಯುತ್ತಿತ್ತು. ಕೈ ಎಲ್ಲಿದೆ ಎಂದು ತಿಳಿಯಲು ಟಿವಿಯ ಅಂಚಿಗೆ ಮೂರು ಮೈಕು. ಕೈಗವಸು ಕಿವಿಗೆ ಕೇಳದ ಸದ್ದು ಹೊರಡಿಸಬೇಕು, ಅವು ಕೇಳಿಸಿಕೊಳ್ಳಬೇಕು. ಬುದ್ಧಿಯೇನೋ ಭಾರಿ. ಆದರೆ ಅದಕ್ಕೆಂದೇ ಬರೆದ ಆಟಗಳು ಎರಡೇ. ಮಿಕ್ಕ ಆಟಗಳಿಗೆ ಮುಂಗೈ ಮೇಲಿನ ಗುಂಡಿಗಳಲ್ಲಿ ನಂಬರು ಒತ್ತಿ ಹೊಂದಿಸಿಕೊಳ್ಳಬೇಕಿತ್ತು. ವರ್ಷ ಕಳೆಯುವುದರೊಳಗೆ ಅದರ ಕಥೆ ಮುಗಿಯಿತು. 1993ರಲ್ಲಿ ಇನ್ನೊಂದು ಗೇಮ್ ಕಂಪನಿ ಸೆಗಾದವರು ನೆಲಕ್ಕೆ ಎಂಟು ಮೂಲೆಯ ಚೌಕಟ್ಟು ಹಾಸಿ ಅದರೊಳಗೆ ನಿಂತು ಕೈಕಾಲು ಬೀಸಿ ಅಂದರು. ಅದೂ ಅಷ್ಟೇ.

ನಿಂಟೆಂಡೊ ಅಧ್ಯಕ್ಷ ಸತೊರು ಇವಾಟ 2005ರ ಸೆಪ್ಟೆಂಬರಿನಲ್ಲಿ ಟೋಕಿಯೊ ಗೇಮ್ ಶೋ ವೇದಿಕೆಯಲ್ಲಿ ವೀಯ ಹೊಸ ಕಂಟ್ರೋಲರ್ ಎತ್ತಿ ತೋರಿಸಿದಾಗ ಟಿವಿ ಗೇಮಿನಲ್ಲಿ ಕಂಪನಿಯ ಸ್ಥಿತಿ ಚೆನ್ನಾಗಿರಲಿಲ್ಲ. ಅವರ ಹಿಂದಿನ ಯಂತ್ರ ಗೇಮ್‌ಕ್ಯೂಬ್ ಹೋದದ್ದು ಒಟ್ಟು 2.17 ಕೋಟಿ; ಸೋನಿಯ ಪ್ಲೇಸ್ಟೇಷನ್ 2 ಅದರ ಏಳು ಪಟ್ಟಿಗೂ ಹೆಚ್ಚು. ಗುಂಡಿ ತುಂಬಿದ ಪ್ಯಾಡ್ ಕಂಡರೆ ಮನೆಮಂದಿ ಹೆದರುತ್ತಾರೆ, ಟಿವಿ ರಿಮೋಟನ್ನಾದರೆ ಯಾರು ಬೇಕಾದರೂ ಎತ್ತಿಕೊಳ್ಳುತ್ತಾರೆ ಎಂಬುದು ಇವಾಟರ ಲೆಕ್ಕ. ಹೊಸ ಕಂಟ್ರೋಲರನ್ನು ರಿಮೋಟ್ ಅಂತಲೇ ಕರೆಯಬೇಕು ಎಂದು ಪಟ್ಟು ಹಿಡಿದವರೂ ಅವರೇ.

ಮೂರು ರೆಕ್ಕೆಯ ತಿರುಪು ಬಿಚ್ಚುವ ಸ್ಕ್ರೂಡ್ರೈವರ್ ಹುಡುಕಿ ಆ ರಿಮೋಟನ್ನೂ ತೆರೆದೆ. ಒಳಗೆ ಉಗುರಿಗಿಂತ ಚಿಕ್ಕ ಚಿಪ್ಪು. ಕೈ ಬೀಸಿದ ರಭಸ ಅಳೆಯುವುದು ಅದೇ. ಇಂಥ ಚಿಪ್ಪುಗಳು ಮೊದಲು ಹೊಟ್ಟೆ ಹೊರೆದುಕೊಂಡದ್ದು ಕಾರಿನ ಏರ್‌ಬ್ಯಾಗಿನಲ್ಲಿ, ಡಿಕ್ಕಿಯಾದದ್ದನ್ನು ಹೇಳುತ್ತಾ. ಕಾರುಗಳಿಗೆ ಲಕ್ಷಗಟ್ಟಲೆ ಬೇಕಾದ್ದರಿಂದ ಬೆಲೆ ಇಳಿಯಿತು, ಆಟಿಕೆಗೂ ಎಟುಕಿತು. 1989ರಲ್ಲಿ ಈ ಅನುಕೂಲ ಇರಲಿಲ್ಲ.

ನನ್ನನ್ನು ನಿಜವಾಗಿ ಬೇಸ್ತು ಬೀಳಿಸಿದ್ದು ಟಿವಿ ಮೇಲಿಡುವ ಪಟ್ಟಿ. ಹೆಸರು ಸೆನ್ಸರ್ ಬಾರ್, ಒಳಗೆ ಸೆನ್ಸರೇ ಇಲ್ಲ! ಎರಡು ತುದಿಗೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪಗಳು, ಅಷ್ಟೆ. ಕ್ಯಾಮೆರಾ ಇರುವುದು ರಿಮೋಟಿನ ಮೂತಿಯಲ್ಲಿ. ಮುಂದೆ ನಾನೇ ಒಂದು ಸೆಕೆಂಡ್‌ಹ್ಯಾಂಡ್ ವೀ ಕೊಂಡೆ. ಇಲಿ ಆ ಪಟ್ಟಿಯ ವೈರು ಕಡಿದು ಹಾಕಿತು. ಬೆಂಕಿಯಲ್ಲೂ ಇನ್‌ಫ್ರಾರೆಡ್ ಇದೆಯಲ್ಲ, ದೇವರಮನೆಯಿಂದ ಎರಡು ಹಣತೆ ತಂದು ಟಿವಿ ಮುಂದೆ ಒಂದು ಗೇಣು ಅಂತರದಲ್ಲಿ ಹಚ್ಚಿಟ್ಟೆ. ಪರದೆಯ ಮೇಲಿನ ಕೈ ಗುರುತು ರಿಮೋಟ್ ಹೋದಲ್ಲಿ ಬಂತು, ಜ್ವಾಲೆ ತೂಗಿದಾಗ ತಾನೂ ತೂಗಿತು.

"ಟಿವಿಗೂ ದೀಪ ಹಚ್ಚೋ ಕಾಲ ಬಂತೇನೋ?" ಎಂದು ಅಮ್ಮ ಬಂದು ಕೂತರು.

ಅವರ ಕೈಗೆ ರಿಮೋಟ್ ಕೊಟ್ಟು ವೀ ಸ್ಪೋರ್ಟ್ಸ್‌ನ ಬೌಲಿಂಗ್ ಹಾಕಿದೆ. ಕೆಳಗಿನ ಗುಂಡಿ ಒತ್ತಿ ಹಿಡಿ, ಕೈ ಬೀಸು, ಬಿಡು. ಮೂರನೇ ಸಲಕ್ಕೆ ಅಮ್ಮ ಸೆರಗು ಸಿಕ್ಕಿಸಿ ಲಗೋರಿಗೆ ಚೆಂಡು ಎಸೆದ ಹಾಗೆ ಎಸೆದು ಏಳು ಪಿನ್ ಉರುಳಿಸಿದರು. ಆಗ ಅವರಿಗೆ ಎಪ್ಪತ್ತೊಂದು. ಟಿವಿ ಗೇಮಿನ ಪ್ಯಾಡ್ ಮುಟ್ಟಿದವರೇ ಅಲ್ಲ. ಅಮೆರಿಕದಲ್ಲಿ 250 ಡಾಲರಿನ ಡಬ್ಬದೊಳಗೇ ಈ ಆಟ ಬರುತ್ತಿತ್ತು, ಬೇರೆ ದುಡ್ಡಿಲ್ಲ. ಅದೇ ಕಾಲಕ್ಕೆ ಬಂದ ಪ್ಲೇಸ್ಟೇಷನ್ 3ಕ್ಕೆ ಐನೂರರ ಹತ್ತಿರದಿಂದ ಶುರು. ವೀ ಗೆದ್ದದ್ದು ಚಿಪ್ಪಿನಿಂದ ಎನ್ನುವವರ ಜೊತೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಗೆದ್ದದ್ದು ಈ ಬೌಲಿಂಗಿನಿಂದ. ಜನ ಎಷ್ಟು ಜೋರಾಗಿ ಬೀಸಿದರೆಂದರೆ ಕೈಪಟ್ಟಿ ಹರಿದು ರಿಮೋಟ್ ಹಾರತೊಡಗಿ, 2006ರ ಡಿಸೆಂಬರಿನಲ್ಲೇ ನಿಂಟೆಂಡೊ ಸುಮಾರು 32 ಲಕ್ಷ ಪಟ್ಟಿಗಳನ್ನು ಬದಲಿಸಿಕೊಡಲು ಮುಂದಾಯಿತು. ಕೊನೆಗೆ ಮಾರಾಟವಾದ ವೀ ಹತ್ತು ಕೋಟಿಗೂ ಮೇಲೆ.

ಓಡಿದ್ದು ನಿಜ, ಆದರೆ ಅಟ್ಟ ಹತ್ತಿದ್ದೂ ನಿಜ. ನಮ್ಮನೆಯದೇ ಎರಡು ವರ್ಷಕ್ಕೆ ಹಿತ್ತಾಳೆ ಪಾತ್ರೆಗಳ ಪಕ್ಕ ಸೇರಿತು. 2012ರಲ್ಲಿ ಅದರ ಜಾಗಕ್ಕೆ ಬಂದ ವೀ ಯು ಒಂದೂವರೆ ಕೋಟಿಯನ್ನೂ ಮುಟ್ಟಲಿಲ್ಲ.

ಅದಕ್ಕೂ ಮೊದಲೇ, ವೀ ಓಡಿದ್ದನ್ನು ಕಂಡು, 2010ರಲ್ಲಿ ಸೋನಿ ತುದಿಗೆ ಬಣ್ಣದ ಗುಂಡು ಬೆಳಗುವ ಕೋಲು ತಂದಿತು. ಮೈಕ್ರೋಸಾಫ್ಟ್ ಕೈಗೇನೂ ಕೊಡದೆ ಕಿನೆಕ್ಟ್ ಎಂಬ ಕ್ಯಾಮೆರಾ ಇಟ್ಟು ಮೈಯೇ ಕಂಟ್ರೋಲರ್ ಅಂದಿತು. ಎರಡು ತಿಂಗಳಲ್ಲಿ 80 ಲಕ್ಷ ಹೋಯಿತು. ಆದರೆ ಅದಕ್ಕೆ ಎದುರಿಗೆ ಆರಡಿ ಜಾಗ ಬೇಕು. ನಮ್ಮ ಹಾಲಿನಲ್ಲಿ ದಿವಾನ, ಟೀಪಾಯಿ, ಬಟ್ಟೆ ಒಣಹಾಕುವ ಸ್ಟ್ಯಾಂಡು. ಗಿರಾಕಿಯೊಬ್ಬರ ಮನೆಯಲ್ಲಿ ನೆಲ ಒರೆಸುತ್ತಾ ಹಿಂದೆ ಹಾದುಹೋದ ಹೆಂಗಸನ್ನು ಅದು ಎರಡನೇ ಆಟಗಾರ್ತಿ ಎಂದುಕೊಂಡಿತು. 2013ರಲ್ಲಿ ಮೈಕ್ರೋಸಾಫ್ಟಿನವರು ಕಿನೆಕ್ಟನ್ನು ತಮ್ಮ ಹೊಸ ಯಂತ್ರ ಎಕ್ಸ್‌ಬಾಕ್ಸ್ ಒನ್ ಜೊತೆ ಕಡ್ಡಾಯ ಮಾಡಿ 499 ಡಾಲರ್ ಇಟ್ಟರು, ಮರುವರ್ಷವೇ ಬಿಡಿಸಿ ನೂರು ಇಳಿಸಿದರು, 2017ರಲ್ಲಿ ತಯಾರಿಕೆ ನಿಂತಿತು. ಆಟಗಾರರು ಬೇಡವೆಂದ ಕಿನೆಕ್ಟನ್ನು ನನ್ನಿಂದ ಕೊಂಡವರು ಎಂಜಿನಿಯರಿಂಗ್ ಹುಡುಗರು, ರೋಬೋಗೆ ಕಣ್ಣು ಬೇಕು ಅಂತ. ಅವರಿಗೂ ನಾನು ಬೆಸೆದುಕೊಟ್ಟದ್ದು 12 ವೋಲ್ಟಿನ ಅಡಾಪ್ಟರನ್ನೇ.

ಈಗ ಪಕ್ಕದ ಅಂಗಡಿ ನೋಡಿಕೊಳ್ಳುವುದು ಅವನ ಮಗ. ಹೋದ ತಿಂಗಳು ವಿಆರ್ ಕನ್ನಡಕ, ಎರಡು ಕೈಗೆ ಎರಡು ಕಂಟ್ರೋಲರ್ ಇರುವ ಡಬ್ಬ ತಂದು ಮೇಜಿನ ಮೇಲಿಟ್ಟ. "ಓಡುತ್ತಾ ಅಂಕಲ್?"

"ಜೊತೆಗೆ ಯಾವ ಆಟ ಬಂದಿದೆ?"

"ಡೌನ್‌ಲೋಡ್ ಮಾಡ್ಕೋಬೇಕು."

ಅಷ್ಟರಲ್ಲಿ ಅದನ್ನು ತಲೆಗೇರಿಸಿ ಕೈ ಬೀಸಲು ಶುರು ಮಾಡಿದ. ಕಾದಿದ್ದ ಸೋಲ್ಡರಿಂಗ್ ಐರನ್ನನ್ನು ನಾನು ಆ ಕಡೆ ಸರಿಸಿದೆ.