ಚುಚ್ಚೋ, ಮದ್ದೋ?

ಇಂಜೆಕ್ಷನ್ನಿಗೆ ನಾವು ಚುಚ್ಚುಮದ್ದು ಎನ್ನುತ್ತೇವೆ. ರೋಗ ಗುಣವಾದರೆ ಕೀರ್ತಿಯೆಲ್ಲ ಮದ್ದಿಗೆ. ಚುಚ್ಚಿದ ಸೂಜಿಯ ಪಾಲಿಗೆ ಬರುವುದು ಮಕ್ಕಳ ಶಾಪ ಮಾತ್ರ. ಆದರೆ ಸ್ನಾಯುಗಳ ನೋವಿನ ವಿಷಯದಲ್ಲಿ ಈ ಕೀರ್ತಿ ನಿಜವಾಗಿ ಯಾರದೆಂಬ ಪ್ರಶ್ನೆಯೆದ್ದು, ಅದರಿಂದ ಒಂದು ಚಿಕಿತ್ಸಾಕ್ರಮವೇ ಬೆಳೆಯಿತು. ಔಷಧವಿಲ್ಲದ ಬರಿಯ ಸೂಜಿಯನ್ನು ಬಳಸುವುದರಿಂದ ಅದಕ್ಕೆ ಡ್ರೈ ನೀಡ್ಲಿಂಗ್, ಎಂದರೆ ಒಣಸೂಜಿ ಚಿಕಿತ್ಸೆ, ಎಂದು ಹೆಸರು.

ನೋವಿಗೆ ಸೂಜಿ ಚುಚ್ಚುವುದು ಚೀನಾದೇಶದಲ್ಲಿ ಬಹು ಪುರಾತನ ಪದ್ಧತಿ. ಪಶ್ಚಿಮದ ವೈದ್ಯರೂ ಅದನ್ನು ಅರಿಯದವರಲ್ಲ. ವಿಲಿಯಂ ಆಸ್ಲರ್ 1892ರ ತಮ್ಮ ಪ್ರಸಿದ್ಧ ವೈದ್ಯಗ್ರಂಥದಲ್ಲಿ, ಸೊಂಟ ಹಿಡಿದುಕೊಂಡಾಗ ಮೂರು ನಾಲ್ಕು ಅಂಗುಲದ ಸೂಜಿಗಳನ್ನು ನೋವಿರುವೆಡೆಯಲ್ಲಿಯೇ ಚುಚ್ಚಿ ಐದು ಹತ್ತು ನಿಮಿಷದ ಮೇಲೆ ತೆಗೆಯಬೇಕೆಂದು ಬರೆದರು. ಹೆಂಗಸರ ಟೋಪಿಯ ಸೂಜಿಯಾದರೂ ಸಾಕು, ಆದರೆ ಅದನ್ನು ಕ್ರಿಮಿಶುದ್ಧ ಮಾಡಿರಬೇಕು ಎಂಬುದು ಅವರ ಸೂಚನೆ.

ಮುಂದೆ 1938ರಲ್ಲಿ ಲಂಡನ್ನಿನ ಜಾನ್ ಕೆಲ್‌ಗ್ರೆನ್ ಸ್ನಾಯುಗಳಿಗೆ ಕಟುವಾದ ಉಪ್ಪುನೀರನ್ನು ಚುಚ್ಚಿ, ನೋವು ಹುಟ್ಟುವ ಸ್ಥಳ ಒಂದಾದರೆ ಅದು ಕಾಣಿಸಿಕೊಳ್ಳುವ ಸ್ಥಳ ಬೇರೊಂದಾಗಬಹುದೆಂದು ತೋರಿಸಿದರು. ಕತ್ತಿನ ಬಿಗಿತವು ತಲೆನೋವಾಗಿ ಕಾಡುವುದುಂಟಲ್ಲವೆ? ನ್ಯೂಯಾರ್ಕಿನ ಜ್ಯಾನೆಟ್ ಟ್ರಾವೆಲ್ ಸ್ನಾಯುವಿನೊಳಗಿನ ಇಂತಹ ನೋವಿನ ಗಂಟುಗಳನ್ನು ಬೆರಳಿನಿಂದ ಹುಡುಕಿ, ಪ್ರೊಕೇನ್ ಎಂಬ ಮರಗಟ್ಟಿಸುವ ಔಷಧವನ್ನು ಚುಚ್ಚುತ್ತಿದ್ದರು. 1961ರಲ್ಲಿ ಅಧ್ಯಕ್ಷ ಕೆನೆಡಿಯವರ ವೈದ್ಯರಾಗಿ ಆ ಪದವಿಗೇರಿದ ಪ್ರಥಮ ಮಹಿಳೆಯೂ ಇವರೇ.

ಮರಗಟ್ಟಿಸುವ ಮದ್ದಿನಿಂದ ನೋವು ಇಳಿದರೆ ಆಶ್ಚರ್ಯವೇನು? ಆದರೆ 1955ರಲ್ಲಿ ಇಬ್ಬರು ಅಮೆರಿಕನ್ ವೈದ್ಯರು, ಔಷಧಗುಣವಿಲ್ಲದ ಸಾಮಾನ್ಯ ಲವಣಜಲವನ್ನು ಚುಚ್ಚಿ ಉಪಚರಿಸಿದ 100 ರೋಗಿಗಳ ವರದಿಯನ್ನು ಪ್ರಕಟಿಸಿದರು. ಹಾಗಾದರೆ ಗುಣ ಯಾವುದರದು? 1979ರಲ್ಲಿ ಚೆಕೊಸ್ಲೊವಾಕಿಯದ ಕರೆಲ್ ಲೆವಿಟ್ ಉತ್ತರ ಕೊಟ್ಟರು. 241 ರೋಗಿಗಳ 312 ನೋವಿನ ತಾಣಗಳಲ್ಲಿ ಅವರು ಬರಿಯ ಸೂಜಿಯನ್ನೇ ಚುಚ್ಚಿದ್ದರು. ನೂರಕ್ಕೆ ಸುಮಾರು 87ರಲ್ಲಿ ನೋವು ಆ ಕ್ಷಣವೇ ಶಮನವಾಯಿತು. ಮುಖ್ಯವಾದುದು ಮದ್ದಲ್ಲ, ಅತಿ ನೋವಿನ ಬಿಂದುವಿಗೆ ಸೂಜಿಯ ಮೊನೆ ನೇರವಾಗಿ ತಗಲುವುದು ಎಂಬುದು ಅವರ ವಾದ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮದ್ದನ್ನು ಪರೀಕ್ಷೆಗೊಡ್ಡಿದವರು ಸೂಜಿಯನ್ನು ಬಿಟ್ಟಾರೆಯೆ? ಲೆವಿಟ್ಟರ ಬರಹದಲ್ಲಿ ಹೋಲಿಕೆಗಾಗಿ ಬೇರೆ ರೋಗಿಗಳ ಗುಂಪಿರಲಿಲ್ಲ. ಮುಂದಿನವರು ಚರ್ಮವನ್ನು ಮುಟ್ಟಿದರೂ ಒಳಹೋಗದ ಹುಸಿಸೂಜಿಯೊಡನೆ ನಿಜಸೂಜಿಯನ್ನು ಹೋಲಿಸಿ ನೋಡಿದರು. ಕೆಲವು ವಾರಗಳ ಮಟ್ಟಿಗೆ ಉಪಶಮನವುಂಟೆಂದು ಹಲವು ಪ್ರಯೋಗಗಳು ಹೇಳುತ್ತವೆ. ದೀರ್ಘಕಾಲದ ಗುಣಕ್ಕೆ ಆಧಾರ ದುರ್ಬಲ. ಅಪಾಯವೂ ಇಲ್ಲದಿಲ್ಲ: ಹೆಗಲು, ಎದೆಯ ಬಳಿ ಸೂಜಿ ಆಳಕ್ಕಿಳಿದರೆ ಶ್ವಾಸಕೋಶಕ್ಕೇ ತೂತು ಬಿದ್ದೀತು. ಆದುದರಿಂದ ಇದು ನುರಿತವರ ಕೆಲಸ, ಮನೆಯ ಪ್ರಯೋಗವಲ್ಲ.

ಚುಚ್ಚುಮದ್ದಿನ ಕೀರ್ತಿಯಲ್ಲಿ ಚುಚ್ಚಿಗೂ ಒಂದು ಪಾಲು ದೊರೆತಂತಾಯಿತು. ಆ ಪಾಲೆಷ್ಟು, ರೋಗಿಯ ನಂಬಿಕೆಯ ಪಾಲೆಷ್ಟು ಎಂಬ ಲೆಕ್ಕ ಇನ್ನೂ ನಡೆದಿದೆ.