ಕಲ್ಲಿನ ಮೇಲಿನ 'ಇಫ್–ಎಲ್ಸ್': ಶಿಕಾರಿಪುರ, ಸೊರಬದ ಶಾಸನಗಳಿಂದ ಕೋಡಿಂಗ್ ಪಾಠ

ಕೋಡಿಂಗ್ ಕಲಿಯೋಕೆ ಶುರು ಮಾಡಿದ ಮೊದಲ ವಾರದಲ್ಲೇ 'ಇಫ್–ಎಲ್ಸ್' ಬರುತ್ತೆ. ಹೀಗಾದ್ರೆ ಇದು ಮಾಡು, ಇಲ್ಲಾಂದ್ರೆ ಅದು ಮಾಡು. ನಮ್ಮ ಶಿಕಾರಿಪುರ, ಸೊರಬದ ಕಲ್ಲುಗಳ ಮೇಲೆ ಈ ರಚನೆ ಶತಮಾನಗಳಿಂದ ಇದೆ.

ಈ ಎರಡು ತಾಲ್ಲೂಕುಗಳು ಶಾಸನಗಳ ಕಣಜ. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಶಿಕಾರಿಪುರದ ಶಾಸನಗಳು 1902ರ 7ನೇ ಸಂಪುಟದಲ್ಲಿ, ಸೊರಬದವು 1904ರ 8ನೇ ಸಂಪುಟದಲ್ಲಿ ಅಚ್ಚಾದವು. ಬಳ್ಳಿಗಾವಿಯಂಥ ಊರುಗಳಲ್ಲಿ ದೇವಸ್ಥಾನಕ್ಕೆ, ಮಠಕ್ಕೆ ಭೂಮಿ ಬಿಟ್ಟ ದಾನಶಾಸನಗಳೇ ಬಹಳ.

ದಾನ ಕೊಟ್ಟ ದೊರೆ ಸತ್ತ ಮೇಲೆ ಆ ಭೂಮಿ ಕಾಯೋರು ಯಾರು? ಅದಕ್ಕೇ ಇಂಥ ಶಾಸನಗಳ ಕೊನೆಯಲ್ಲಿ 'ಶಾಪಾಶಯ' ಇರುತ್ತೆ. ದಾನವನ್ನ ಕಾಪಾಡಿದ್ರೆ ವಾರಣಾಸಿಯಲ್ಲಿ ಸಾವಿರ ಕವಿಲೆ ಹಸು ದಾನ ಮಾಡಿದ ಪುಣ್ಯ, ಕೆಡಿಸಿದ್ರೆ ಅಷ್ಟೇ ಹಸು ಕೊಂದ ಪಾಪ. ಎರಡೂ ದಾರಿ ಬರೆದಿದ್ದಾರೆ ನೋಡಿ. ಇನ್ನೊಂದು ಪ್ರಸಿದ್ಧ ಶ್ಲೋಕದ ಆಶಯ ಇದು: ತಾನೇ ಕೊಟ್ಟಿದ್ದಿರಲಿ, ಬೇರೆಯವರು ಕೊಟ್ಟಿದ್ದಿರಲಿ, ಕಿತ್ಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿರ್ತಾನೆ. ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದು 'ಆರ್'. ಎರಡು ಷರತ್ತಿಗೂ ಫಲ ಒಂದೇ ಆದ್ರೆ ಎರಡು 'ಇಫ್' ಯಾಕೆ?

ಕಂಪ್ಯೂಟರ್ ಕಡೆಗೆ ಬಂದ್ರೆ, 1957ರ ಫೋರ್ಟ್ರಾನ್‌ನಲ್ಲಿ 'ಇಫ್' ಇತ್ತು, 'ಎಲ್ಸ್' ಇರಲಿಲ್ಲ. ಲೆಕ್ಕದ ಉತ್ತರ ಸೊನ್ನೆಗಿಂತ ಕಮ್ಮಿನಾ, ಸೊನ್ನೆನಾ, ಜಾಸ್ತಿನಾ ಅಂತ ನೋಡಿ ಮೂರರಲ್ಲಿ ಒಂದು ಸಾಲಿಗೆ ಜಿಗಿಯಬೇಕಿತ್ತು. ಓದೋಕೆ ಸುಲಭವಾದ 'ಇಫ್–ದೆನ್–ಎಲ್ಸ್' ಆಲ್ಗಾಲ್ 60ರಲ್ಲಿ ಬಂತು. ಅದರ ಹಿಂದೆ ಜಾನ್ ಮೆಕಾರ್ಥಿ ಅವರ ಸಲಹೆಯಿತ್ತು.

ಈಗ ನಿಮ್ಮ ಕೋಡ್. ಮೊದಲು 'ಅಂಕ 35 ಅಥವಾ ಹೆಚ್ಚಿದ್ರೆ ಪಾಸ್', ಆಮೇಲೆ 'ಎಲ್ಸ್ ಇಫ್ 60 ಅಥವಾ ಹೆಚ್ಚಿದ್ರೆ ಫಸ್ಟ್ ಕ್ಲಾಸ್' ಅಂತ ಬರೆದ್ರೆ, 82 ತಗೊಂಡವರಿಗೂ ಬರೀ ಪಾಸ್. ಮೊದಲ ಷರತ್ತಲ್ಲೇ ಕಂಪ್ಯೂಟರ್ ನಿಂತುಬಿಡುತ್ತೆ. ಹಾಗಾಗಿ 60 ಮೇಲಿರಲಿ, 35 ಕೆಳಗಿರಲಿ, ಕೊನೆಗೆ 'ಎಲ್ಸ್'. ಅದೇ ಬೇರೆ ಬೇರೆ 'ಇಫ್' ಬರೆದ್ರೆ, ಉತ್ತರ ಸಿಕ್ಕ ಮೇಲೂ ಉಳಿದದ್ದನ್ನೆಲ್ಲ ಸುಮ್ಮನೆ ಪರೀಕ್ಷಿಸುತ್ತೆ.

ಇದು ಬರೀ ಅಂಕಪಟ್ಟಿ ಮಾತಲ್ಲ. ಅಂದು ಕಲ್ಲಿನ ಮೇಲಿದ್ದ ಜಮೀನಿನ ಲೆಕ್ಕ ಇವತ್ತು 'ಭೂಮಿ' ತಂತ್ರಾಂಶದ ಪಹಣಿಯಲ್ಲಿದೆ. ಸ್ಕಾಲರ್‌ಶಿಪ್ ಅರ್ಜಿಯೂ ಆನ್‌ಲೈನ್. ಇಂಥ ಕಡೆ ಯಾರೋ 'ಎಲ್ಸ್' ಮರೆತರೆ, ಒಬ್ಬರ ಅರ್ಜಿ ಮಂಜೂರೂ ಆಗಲ್ಲ, ತಿರಸ್ಕಾರವೂ ಆಗಲ್ಲ. ಸುಮ್ಮನೆ ಕೂತಿರುತ್ತೆ. ಶಾಸನ ಓದೋನಿಗೆ ಪಾಪದ ಭಯವಾದ್ರೂ ಇತ್ತು. ಕಂಪ್ಯೂಟರ್‌ಗೆ ನೀವು ಬರೆದಷ್ಟೇ ಗೊತ್ತು.

ಹಾಗಾಗಿ ಮುಂದಿನ ಪ್ರೋಗ್ರಾಮ್ ಬರೆಯೋ ಮುಂಚೆ ಒಂದು ಹಾಳೆ ತಗೊಳ್ಳಿ, ಯಾವ ಷರತ್ತಿಗೂ ಸಿಗದವರು ಯಾರು ಅಂತ ಮೊದಲು ಬರೀರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.